ಆಯಿಯ ಹಾಡು ಮತ್ತು ಫ್ರೇಮ್ ಸರ್ವರ್

ಮದುವೆ ಕಂಡ ಮನೆಗಳಲ್ಲೆಲ್ಲ ಒಂದು ಕಪಾಟು ಇರುತ್ತದೆ. ಅದರ ಮೇಲಿನ ಖಾನೆಯಲ್ಲಿ ಫೋಟೋ ಆಲ್ಬಮ್, ಪಕ್ಕದಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಕ್ಯಾಸೆಟ್ ಅಥವಾ ಸಿ.ಡಿ. ಆಲ್ಬಮನ್ನು ನೆಂಟರು ಬಂದಾಗ ತೆಗೆದು ತೋರಿಸುತ್ತೇವೆ. ಕ್ಯಾಸೆಟ್ಟಿಗೆ ಆ ಭಾಗ್ಯವಿಲ್ಲ. ಅದನ್ನು ಹಾಕಿ ನೋಡುವ ಯಂತ್ರವೇ ಈಗ ಮನೆಯಲ್ಲಿಲ್ಲ. ಮನೆ ಭೇಟಿಗೆ ಹೋದಾಗ ಹಿರಿಯರು ಅದನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟು ಕೇಳುವುದುಂಟು: "ಫಾದರ್, ನಿಮಗೆ ಕಂಪ್ಯೂಟರ್ ಗೊತ್ತು. ಇದರಲ್ಲಿ ನಮ್ಮ ಯಜಮಾನರ ದನಿ ಇದೆ. ಏನಾದರೂ ಮಾಡಲಿಕ್ಕೆ ಆಗುತ್ತದೆಯೇ?"

ಆಗುತ್ತದೆ. ಆದರೆ ಹೇಗೆ ಎಂಬುದನ್ನು ತಿಳಿಯಬೇಕಾದರೆ, ವಿಡಿಯೋ ಎಂಬುದು ಕ್ಯಾಮೆರಾದಿಂದ ನಮ್ಮ ಟಿ.ವಿ.ಯವರೆಗೆ ಯಾವ ದಾರಿಯಲ್ಲಿ ಬರುತ್ತದೆ, ಎಲ್ಲೆಲ್ಲಿ ಸವೆಯುತ್ತದೆ ಎಂಬುದನ್ನು ಸ್ವಲ್ಪ ಅರಿಯಬೇಕು. ಆ ದಾರಿಯಲ್ಲಿ ಒಬ್ಬ ಸಣ್ಣ ಸೇವಕನಿದ್ದಾನೆ. ಹೆಸರು ಫ್ರೇಮ್ ಸರ್ವರ್. ವಿಡಿಯೋ ಕೆಲಸ ಮಾಡುವವರನ್ನು ಬಿಟ್ಟರೆ ಇವನ ಹೆಸರು ಕೇಳಿದವರು ಕಡಿಮೆ. ಇವನ ಬೆಲೆ ನನಗೆ ತಿಳಿದದ್ದು ಸೊಲ್ಲಾಪುರದಲ್ಲಿ, 2007ರ ಮೇ ತಿಂಗಳ ಉರಿ ಬಿಸಿಲಿನಲ್ಲಿ.

ಆಗ ನಾನು ಪುಣೆಯಲ್ಲಿ ದೈವಶಾಸ್ತ್ರ ಓದುತ್ತಿದ್ದೆ. ಕನ್ನಡ ಬಲ್ಲ ಬ್ರದರ್ ಎಂಬ ಕಾರಣಕ್ಕೆ ರಜೆಯಲ್ಲಿ ನನ್ನನ್ನು ಸೊಲ್ಲಾಪುರದ ಕಡೆಗೆ ಕಳುಹಿಸಿದ್ದರು. ನಕ್ಷೆಯಲ್ಲಿ ಅದು ಮಹಾರಾಷ್ಟ್ರ. ಆದರೆ ಸೊಲ್ಲಾಪುರ, ಅಕ್ಕಲಕೋಟೆ, ಮರವಡೆಯ ಕಡೆ ಹೋದವರಿಗೆ ಗೊತ್ತು, ಅಲ್ಲಿನ ಎಷ್ಟೋ ಮನೆಗಳ ಅಡುಗೆಮನೆಯ ಮಾತು ಕನ್ನಡ. ಸಂತೆಯಲ್ಲಿ ಮರಾಠಿ, ನೇಕಾರರ ಓಣಿಯಲ್ಲಿ ತೆಲುಗು, ಮನೆಗೆ ಬಂದರೆ ಕನ್ನಡ. ಅಕ್ಕಲಕೋಟೆ ತಾಲೂಕಿನಲ್ಲಿ ಕನ್ನಡ ಶಾಲೆಗಳೂ ಇವೆ. ಆದರೂ ಬಹಳಷ್ಟು ಮಕ್ಕಳು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದುತ್ತಾರೆ. ಅಜ್ಜಿಯನ್ನು ಅಲ್ಲಿ ಆಯಿ ಎನ್ನುತ್ತಾರೆ. ಆಯಿ ಕನ್ನಡದಲ್ಲಿ ಕೇಳುತ್ತಾಳೆ, ಮೊಮ್ಮಗ ಮರಾಠಿಯಲ್ಲಿ ಉತ್ತರಿಸುತ್ತಾನೆ, ನಡುವೆ ನಿಂತ ತಾಯಿ ಇಬ್ಬರಿಗೂ ಅರ್ಥ ಹೇಳುತ್ತಾಳೆ.

ಅಕ್ಕಲಕೋಟೆಯಲ್ಲಿ ನಮಗೆ ಪರಿಚಯವಿದ್ದ ಒಂದು ಕುಟುಂಬದಲ್ಲಿ ಆ ತಿಂಗಳು ಮದುವೆ. ಹಿಂದಿನ ಸಂಜೆ ಅರಿಶಿಣ ಹಚ್ಚುವಾಗ ಮದುಮಗಳ ಆಯಿ ಹಾಡಲು ಕುಳಿತರು. ಎಂಬತ್ತರ ಹತ್ತಿರದ ವಯಸ್ಸು. ದನಿ ನಡುಗುತ್ತಿತ್ತು, ಆದರೆ ಒಂದು ಪದವೂ ತಪ್ಪಲಿಲ್ಲ. ಹಾಡಿನ ನಡುನಡುವೆ ಮನೆತನದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಸೇರಿಸಿ ಹರಕೆ ಬೇಡುತ್ತಿದ್ದರು. ಆ ಹೆಸರುಗಳು ಯಾವ ಪುಸ್ತಕದಲ್ಲೂ ಇರಲಿಲ್ಲ. ವಿಡಿಯೋ ಹುಡುಗ ಹನ್ನೊಂದು ನಿಮಿಷ ಕ್ಯಾಮೆರಾ ಅಲುಗಿಸದೆ ಹಿಡಿದ. ಫ್ಯಾನಿನ ಸದ್ದು, ಮಕ್ಕಳ ಗಲಾಟೆ ಎಲ್ಲವೂ ಅದರಲ್ಲಿ ಸೇರಿಕೊಂಡವು.

ಮದುವೆ ಮುಗಿದ ಮೇಲೆ ಸೊಲ್ಲಾಪುರದ ವಿಡಿಯೋ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ವಧೂವರರ ಹೆಸರು ಪರದೆಯ ಮೇಲೆ ಕನ್ನಡದಲ್ಲೂ ಬರಬೇಕೆಂದು ಮದುಮಗಳ ತಂದೆಯ ಆಸೆ. ಅಂಗಡಿಯಲ್ಲಿ ಮರಾಠಿ ಅಕ್ಷರಗಳಿದ್ದವು, ಕನ್ನಡ ಇರಲಿಲ್ಲ. ಶೇಷಾದ್ರಿ ವಾಸು ಅವರು 1998ರಲ್ಲಿ ಹೊರತಂದ 'ಬರಹ' ತಂತ್ರಾಂಶದ ಅಕ್ಷರಗಳು ನನ್ನಲ್ಲಿದ್ದುದರಿಂದ ಆ ಕೆಲಸ ಸುಲಭವಾಯಿತು. ಅಂಗಡಿಯ ಅಣ್ಣ ಮನೆಯಲ್ಲಿ ತೆಲುಗು ಮಾತಾಡುವವರು. ನಮ್ಮೊಡನೆ ಸೊಲ್ಲಾಪುರದ ಕನ್ನಡದಲ್ಲೇ ಮಾತಾಡಿದರು. ಅವರ ಚಿಂತೆ ಬೇರೆಯೇ ಆಗಿತ್ತು. "ಬ್ರದರ್, ಹೆಸರೇನೋ ಬರೀಬಹುದು. ಆದ್ರ ರೆಂಡರ್ ಮಾಡ್ಲಿಕ್ಕ ಜಾಗಾ ಎಲ್ಲಿ ಅದರೀ?"

ಅವರ ಚಿಂತೆಯ ಲೆಕ್ಕ ಹೀಗಿತ್ತು. ಆ ಕಾಲದ ಕ್ಯಾಮೆರಾಗಳಲ್ಲಿ ಮಿನಿ ಡಿವಿ ಎಂಬ ಪುಟ್ಟ ಕ್ಯಾಸೆಟ್ ಬಳಸುತ್ತಿದ್ದರು. ಒಂದು ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದರೆ ಸುಮಾರು 13 ಜಿಬಿ ಜಾಗ ಹಿಡಿಯುತ್ತದೆ. ಮದುವೆಗೆ ಮೂರು ಕ್ಯಾಸೆಟ್, ಅಂದರೆ 39 ಜಿಬಿ. ಅಂಗಡಿಯ ಹಾರ್ಡ್ ಡಿಸ್ಕ್ 80 ಜಿಬಿಯದು. ಅದರಲ್ಲಿ ಇನ್ನೊಂದು ಮದುವೆಯ ಕೆಲಸ ಅರ್ಧ ಆಗಿ ಕುಳಿತಿತ್ತು. ಕೊನೆಗೆ ಉಳಿದದ್ದು 15 ಜಿಬಿಗೂ ಕಡಿಮೆ. ಕತ್ತರಿಸಿ ಜೋಡಿಸಿದ ಮದುವೆ ಎರಡು ಗಂಟೆಯದು. ಅದನ್ನು ಮತ್ತೆ ಡಿವಿ ರೂಪದಲ್ಲಿ ಬರೆದಿಡಲು 26 ಜಿಬಿ ಬೇಕು. ಏನನ್ನೂ ಕುಗ್ಗಿಸದೆ ಬರೆದಿಡುತ್ತೇವೆಂದರೆ 220 ಜಿಬಿಗೂ ಹೆಚ್ಚು.

ಅಷ್ಟು ಜಾಗ ಏಕೆ ಎಂದು ನೀವು ಕೇಳಬಹುದು. ವಿಡಿಯೋ ಎಂದರೆ ಓಡುವ ಚಿತ್ರವಲ್ಲ, ನಿಂತ ಚಿತ್ರಗಳ ಸಾಲು. ಒಂದೊಂದು ಚಿತ್ರಕ್ಕೂ ಫ್ರೇಮ್ ಎಂದು ಹೆಸರು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಒಂದು ಸೆಕೆಂಡಿಗೆ 25 ಫ್ರೇಮ್. ಎರಡು ಗಂಟೆಗೆ 1,80,000. ಒಂದೊಂದರಲ್ಲೂ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳು. ಇಷ್ಟನ್ನೂ 4.7 ಜಿಬಿಯ ಒಂದು ಡಿವಿಡಿಯಲ್ಲಿ ಕೂರಿಸಬೇಕು. ಆ ಕೆಲಸ ಮಾಡುವ ತಂತ್ರಾಂಶವೇ ಎನ್‌ಕೋಡರ್. ಅದು ಹಿಂದಿನ ಚಿತ್ರಕ್ಕೂ ಈ ಚಿತ್ರಕ್ಕೂ ಏನು ಬದಲಾಗಿದೆ ಎಂದು ನೋಡಿ, ಬದಲಾದದ್ದನ್ನು ಮುಖ್ಯವಾಗಿ ಬರೆದುಕೊಂಡು, ಕಣ್ಣಿಗೆ ಕಾಣದೆಂದು ತೋರಿದ್ದನ್ನು ಬಿಟ್ಟುಬಿಡುತ್ತದೆ.

ಹಾಗಾದರೆ ಎಡಿಟಿಂಗ್ ತಂತ್ರಾಂಶದ ಕೆಲಸವೇನು? ಯಾವ ತುಣುಕು ಎಲ್ಲಿ ಬರಬೇಕು, ಎಲ್ಲಿ ಹೆಸರು ಮೂಡಬೇಕು, ಎಲ್ಲಿ ಒಂದು ದೃಶ್ಯ ಇನ್ನೊಂದರಲ್ಲಿ ಕರಗಬೇಕು ಎಂಬುದನ್ನು ನಿರ್ಧರಿಸುವುದು. ಆ ಅಂಗಡಿಯಲ್ಲಿದ್ದದ್ದು ಅಡೋಬಿಯ ಪ್ರೀಮಿಯರ್. ಅದರೊಳಗೂ ಒಂದು ಎನ್‌ಕೋಡರ್ ಇತ್ತು. ಆದರೆ ಅಣ್ಣನಿಗೆ ನಂಬಿಕೆ ಇದ್ದದ್ದು ಜಪಾನಿನ ಟಿಎಂಪೆಗೆಂಕ್ ಎಂಬ ಬೇರೆ ಎನ್‌ಕೋಡರ್ ಮೇಲೆ. ಅದರಲ್ಲಿ ಚಿತ್ರ ಹೆಚ್ಚು ಚೊಕ್ಕಟವಾಗಿ ಬರುತ್ತದೆ ಎನ್ನುತ್ತಿದ್ದರು. ರೂಢಿಯ ದಾರಿಯೆಂದರೆ, ಪ್ರೀಮಿಯರಿನಿಂದ ಇಡೀ ಮದುವೆಯನ್ನು ಒಂದು ದೊಡ್ಡ ಫೈಲಾಗಿ ಬರೆದು, ಆ ಫೈಲನ್ನು ಎನ್‌ಕೋಡರಿಗೆ ಕೊಡುವುದು. ಇದರಲ್ಲಿ ಜಾಗವೂ ಹೋಗುತ್ತದೆ, ಸಮಯವೂ ಹೋಗುತ್ತದೆ.

ಇನ್ನೊಂದೂ ಹೋಗುತ್ತದೆ. ಜೋಳವನ್ನು ಒಂದು ಚೀಲದಿಂದ ಇನ್ನೊಂದಕ್ಕೆ ಸುರಿಯುವಾಗ ನಾಲ್ಕು ಕಾಳು ಚೆಲ್ಲುವುದಿಲ್ಲವೇ, ಹಾಗೆ. ಬರೀ ಕತ್ತರಿಸಿ ಜೋಡಿಸಿದ ಕಡೆ ಡಿವಿ ಹೆಚ್ಚು ಕೆಡುವುದಿಲ್ಲ. ಆದರೆ ಹೆಸರು ಮೂಡುವ ಕಡೆ, ದೃಶ್ಯ ಕರಗುವ ಕಡೆ ಫ್ರೇಮುಗಳನ್ನು ಹೊಸದಾಗಿ ಕುಗ್ಗಿಸಿ ಬರೆಯಬೇಕಾಗುತ್ತದೆ. ಡಿವಿಡಿಗೆ ಹೋಗುವಾಗ ಅದನ್ನೇ ಇನ್ನೊಮ್ಮೆ ಕುಗ್ಗಿಸಬೇಕು. ನಮ್ಮ ಪಾಲ್ ಡಿವಿಯಲ್ಲಿ ಬಣ್ಣದ ವಿವರ ಉಳಿಯುವುದು ನಾಲ್ಕು ಚುಕ್ಕೆಗೆ ಒಂದರಂತೆ ಮಾತ್ರ. ಕೆಂಪು ಬಣ್ಣದ ಕನ್ನಡ ಅಕ್ಷರ ಎರಡೆರಡು ಸಲ ಈ ದಾರಿಯಲ್ಲಿ ಹಾದರೆ, ಒತ್ತಕ್ಷರಗಳೆಲ್ಲ ಕಲಸಿಹೋಗಿ ಹೆಸರು ಓದಲು ಬಾರದಂತಾಗುತ್ತದೆ.

ಇಲ್ಲಿ ನೆರವಿಗೆ ಬಂದವನು ಫ್ರೇಮ್ ಸರ್ವರ್. ಸರ್ವರ್ ಎಂಬ ಪದ ನಮ್ಮ ದೇವಾಲಯಗಳಲ್ಲಿ ಹೊಸದೇನಲ್ಲ. ಬಲಿಪೂಜೆಯಲ್ಲಿ ಸಹಾಯ ಮಾಡುವ ಪೀಠಬಾಲಕನನ್ನು ಆಲ್ಟರ್ ಸರ್ವರ್ ಎನ್ನುತ್ತೇವೆ. ಗುರುಗಳು ಕೈ ಚಾಚಿದಾಗ ದ್ರಾಕ್ಷಾರಸದ ಕುಡಿಕೆ ಕೊಡುತ್ತಾನೆ, ಮತ್ತೆ ಚಾಚಿದಾಗ ನೀರು ಕೊಡುತ್ತಾನೆ. ಕೇಳಿದ್ದನ್ನು ಕೇಳಿದ ಹೊತ್ತಿಗೆ ಕೊಡುವುದು ಅವನ ಕೆಲಸ. ತನ್ನ ಹತ್ತಿರ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಫ್ರೇಮ್ ಸರ್ವರ್ ಮಾಡುವುದೂ ಇದನ್ನೇ.

ಎಡಿಟಿಂಗ್ ತಂತ್ರಾಂಶದಲ್ಲಿ 'ಸಿನಿಮಾ ಬರೆ' ಎನ್ನುವ ಕಡೆ ಫ್ರೇಮ್ ಸರ್ವರನ್ನು ಆರಿಸಿದರೆ, ಅದು ಇಡೀ ಮದುವೆಯನ್ನು ಬರೆಯುವುದಿಲ್ಲ. ಒಂದು ಹುಸಿ ಫೈಲನ್ನು ಮಾತ್ರ ಮಾಡುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಸೈನ್‌ಪೋಸ್ಟ್ ಎನ್ನುತ್ತಾರೆ, ಅಂದರೆ ದಾರಿ ತೋರುವ ಕೈಕಂಬ. ಹೊರಗಿನಿಂದ ನೋಡಿದರೆ ಅದು ಎರಡು ಗಂಟೆಯ ವಿಡಿಯೋ ಫೈಲು. ಒಳಗೆ ಒಂದೂ ಚಿತ್ರವಿಲ್ಲ. ಬೇಕಿದ್ದರೆ ಧ್ವನಿಯನ್ನು ಅದರಲ್ಲೇ ಬರೆದಿಡಬಹುದು, ಎರಡು ಗಂಟೆಗೆ 1.4 ಜಿಬಿ ಸಾಕು. ಎನ್‌ಕೋಡರ್ ಈ ಫೈಲನ್ನು ತೆರೆದು 'ಒಂದನೇ ಫ್ರೇಮ್ ಕೊಡು' ಎನ್ನುತ್ತದೆ. ಕೈಕಂಬ ಆ ಕೋರಿಕೆಯನ್ನು ಎಡಿಟಿಂಗ್ ತಂತ್ರಾಂಶದ ಕಡೆಗೆ ತಿರುಗಿಸುತ್ತದೆ. ಅದು ಆ ಒಂದೇ ಫ್ರೇಮನ್ನು ಆಗಿಂದಾಗ ಸಿದ್ಧಪಡಿಸಿ, ಕಂಪ್ಯೂಟರಿನ ನೆನಪಿನ ಮೂಲಕವೇ ಎನ್‌ಕೋಡರಿಗೆ ದಾಟಿಸುತ್ತದೆ. ಬಳಿಕ ಎರಡನೆಯದು, ಮೂರನೆಯದು, ಹೀಗೆ 1,80,000ದವರೆಗೆ. ನಡುವೆ ಯಾವುದೂ ಡಿಸ್ಕಿನಲ್ಲಿ ಇಳಿಯುವುದಿಲ್ಲ. ಚೀಲದಿಂದ ಚೀಲಕ್ಕೆ ಸುರಿಯುವ ಒಂದು ಸರದಿಯೇ ತಪ್ಪಿಹೋಗುತ್ತದೆ.

ಅಣ್ಣನಿಗೆ ಇದನ್ನು ನಂಬುವುದು ಕಷ್ಟವಾಯಿತು. ಫೈಲನ್ನು ತೋರಿಸಿ, "ಇಷ್ಟ ಸಣ್ಣ ಫೈಲಿನ್ಯಾಗ ಎರಡು ತಾಸಿನ ಲಗ್ನ ಹ್ಯಾಂಗ ಹಿಡೀತದ್ರೀ?" ಎಂದರು. "ಹಿಡಿಯೋದಿಲ್ಲ ಅಣ್ಣಾರ, ಇದು ಬರೀ ಬೋರ್ಡು. ಊರು ಅಲ್ಲಿ ಪ್ರೀಮಿಯರಿನೊಳಗೆ ಇದೆ" ಎಂದೆ.

ಈ ಉಪಾಯ ಕಂಡುಹಿಡಿದವರು ಯಾವ ದೊಡ್ಡ ಕಂಪನಿಯವರೂ ಅಲ್ಲ. ಏವರಿ ಲೀ ಎಂಬುವರು ತಮ್ಮ ವರ್ಚುವಲ್‌ಡಬ್ ತಂತ್ರಾಂಶದಲ್ಲಿ ಇಂಥ ಒಂದು ಸೌಲಭ್ಯವನ್ನು ಇಟ್ಟಿದ್ದರು. 2000ದಲ್ಲಿ ಬೆನ್ ರುಡಿಯಾಕ್-ಗೂಲ್ಡ್ ಎಂಬುವರು ಎವಿಸಿಂತ್ ಎಂಬುದನ್ನು ಹೊರತಂದರು. ಅದರಲ್ಲಿ ನಾಲ್ಕು ಸಾಲು ಬರೆದರೆ ಆ ಸಾಲುಗಳೇ ವಿಡಿಯೋ ಫೈಲಿನಂತೆ ನಡೆದುಕೊಳ್ಳುತ್ತವೆ. ನಾವು ಬಳಸಿದ್ದು ಡೀಬಗ್‌ಮೋಡ್ ಫ್ರೇಮ್ ಸರ್ವರ್. ಅದನ್ನು ಬರೆದವರು ಸತೀಶ್ ಕುಮಾರ್. ಪ್ರೀಮಿಯರ್, ವೇಗಸ್, ಯೂಲೀಡ್ ಮುಂತಾದ ಎಡಿಟಿಂಗ್ ತಂತ್ರಾಂಶಗಳಿಗೆ ಅದು ಜೋಡಣೆಯಾಗುತ್ತಿತ್ತು. ಒಂದು ಪೈಸೆ ಬೆಲೆಯಿಲ್ಲ. ಪುಣೆಯ ಒಂದು ಸೈಬರ್ ಕೆಫೆಯಲ್ಲಿ ಇಳಿಸಿಕೊಂಡು ಸಿ.ಡಿ.ಯಲ್ಲಿ ತಂದಿದ್ದೆ.

ಇಷ್ಟು ಹೊಗಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಫ್ರೇಮ್ ಸರ್ವರ್ ಕೆಲಸ ಮಾಡುವಾಗ ಎರಡೂ ತಂತ್ರಾಂಶಗಳು ತೆರೆದೇ ಇರಬೇಕು. ಎಡಿಟಿಂಗ್ ಮುಚ್ಚಿದರೆ ಕೈಕಂಬ ಉಳಿಯುತ್ತದೆ, ಊರು ಇರುವುದಿಲ್ಲ. ಕೆಲಸದ ನಡುವೆ ಕರೆಂಟು ಹೋದರೆ ಮೊದಲಿನಿಂದ ಶುರು. ಆ ವರ್ಷಗಳಲ್ಲಿ ಮಹಾರಾಷ್ಟ್ರದ ಲೋಡ್ ಶೆಡ್ಡಿಂಗ್ ಎಷ್ಟಿತ್ತೆಂದು ಅನುಭವಿಸಿದವರೇ ಬಲ್ಲರು. ಡಿವಿಡಿಯ ಗುಣಮಟ್ಟ ಹೆಚ್ಚಿಸಲು ಎನ್‌ಕೋಡರ್ ಎರಡು ಸಲ ಓದುವ ಪದ್ಧತಿಯೊಂದಿದೆ: ಮೊದಲ ಸಲ ಅಂದಾಜು, ಎರಡನೆಯ ಸಲ ಬರವಣಿಗೆ. ಆಗ ಎಡಿಟಿಂಗ್ ತಂತ್ರಾಂಶ ಪ್ರತಿ ಫ್ರೇಮನ್ನೂ ಎರಡೆರಡು ಸಲ ಸಿದ್ಧಪಡಿಸಬೇಕು. ಅಲಂಕಾರ ಹೆಚ್ಚಾಗಿದ್ದರೆ ಇದು ದುಬಾರಿ. ಡಿಸ್ಕಿನಲ್ಲಿ ಜಾಗವಿದ್ದರೆ ಅಂಥಲ್ಲಿ ಏನನ್ನೂ ಕಳೆಯದ ಹಫ್‌ಯುವ್‌ನಂಥ ರೂಪದಲ್ಲಿ ಒಮ್ಮೆ ಬರೆದಿಡುವುದೇ ಜಾಣತನ. ಇನ್ನೊಂದು ಮಾತು: ಸರ್ವರ್ ಯಾವುದನ್ನೂ ತಿದ್ದುವುದಿಲ್ಲ. ಡಿವಿಯ ಒಂದೊಂದು ಫ್ರೇಮಿನಲ್ಲಿ ಎರಡು ಅರ್ಧಗಳಿರುತ್ತವೆ. ಕೆಳಗಿನ ಅರ್ಧ ಮೊದಲು ಬರಬೇಕು. ಇದನ್ನು ಎನ್‌ಕೋಡರಿಗೆ ಸರಿಯಾಗಿ ಹೇಳದಿದ್ದರೆ ಕೈ ಬೀಸಿದ ಕಡೆಯೆಲ್ಲ ಚಿತ್ರ ನಡುಗುತ್ತದೆ. ಕೊಟ್ಟದ್ದನ್ನು ಕೊಟ್ಟಂತೆ ದಾಟಿಸುವವನಿಂದ ಅದಕ್ಕಿಂತ ಹೆಚ್ಚನ್ನು ಬಯಸಲಾಗದು.

ನಾವು ಒಂದು ಇನ್ವರ್ಟರ್ ಎರವಲು ತಂದು, ರಾತ್ರಿ ಊಟವಾದ ಮೇಲೆ ಕೆಲಸ ಹಚ್ಚಿದೆವು. ಸರ್ವರಿನ ಪುಟ್ಟ ಕಿಟಕಿಯಲ್ಲಿ ಫ್ರೇಮಿನ ಸಂಖ್ಯೆ ಏರುತ್ತಿತ್ತು. ನಡುವೆ ಕರೆಂಟು ಹೋಯಿತು, ಇನ್ವರ್ಟರ್ ಕೈ ಬಿಡಲಿಲ್ಲ. ಬೆಳಿಗ್ಗೆ ಡಿವಿಡಿ ಸಿದ್ಧ. ಬಹಳ ಮನೆಗಳಲ್ಲಿ ಆಗ ಇದ್ದದ್ದು ವಿಸಿಡಿ ಪ್ಲೇಯರ್. ಅದರ ಚಿತ್ರ ಬರೀ 352 ಅಡ್ಡ 288 ಚುಕ್ಕೆಯದು, ಒಂದು ಡಿಸ್ಕಿಗೆ ಹೆಚ್ಚೆಂದರೆ 80 ನಿಮಿಷ. ಆದ್ದರಿಂದ ನೆಂಟರಿಗೆ ಹಂಚಲು ಮದುವೆಯನ್ನು ಎರಡು ವಿಸಿಡಿಗಳಾಗಿ ಮಾಡಿಕೊಟ್ಟರು. ಡಿವಿಡಿ ಮಾತ್ರ ಮನೆಯಲ್ಲಿ ಉಳಿಯಿತು. ಹೆಸರಿನ ಒತ್ತಕ್ಷರಗಳು ಸ್ಪಷ್ಟವಾಗಿ ಮೂಡಿದ್ದವು.

ಆ ಡಿವಿಡಿಗೆ ಅಷ್ಟು ಬೆಲೆ ಬರಲು ಎರಡು ಕಾರಣಗಳಾದವು. ಮುಗಿದ ಮದುವೆಯ ಕ್ಯಾಸೆಟ್ಟಿನ ಮೇಲೆ ಮುಂದಿನ ಮದುವೆ ಹಿಡಿಯುವುದು ಆಗಿನ ರೂಢಿ. ಈ ಮೂರು ಕ್ಯಾಸೆಟ್ಟುಗಳೂ ಹಾಗೆಯೇ ಹೋದವು. 2011ರಲ್ಲಿ ಆಯಿ ತೀರಿಕೊಂಡರು. ಅವರ ದನಿ ಬೇರೆಲ್ಲೂ ಇರಲಿಲ್ಲ. ಫೋನುಗಳಲ್ಲಿ ಓಡಾಡುತ್ತಿದ್ದದ್ದು ವಿಸಿಡಿಯಿಂದ ತೆಗೆದ ತುಣುಕು. ವಾಟ್ಸ್ಆ್ಯಪ್‌ನಲ್ಲಿ ಒಬ್ಬರಿಂದೊಬ್ಬರಿಗೆ ದಾಟುತ್ತ, ದಾಟುವ ದಾರಿಯಲ್ಲಿ ಕುಗ್ಗುತ್ತ, ಕೊನೆಗೆ ಆಯಿಯ ಮುಖ ನಾಲ್ಕಾರು ಚೌಕಗಳಾಗಿ, ದನಿ ತಗಡು ಬಡಿದಂತೆ ಆಗಿತ್ತು.

2023ರಲ್ಲಿ ಆ ಮನೆಯವರು ನನ್ನನ್ನು ಹುಡುಕಿ ಡಿವಿಡಿ ತಂದುಕೊಟ್ಟರು. ಅಂಚಿನಲ್ಲಿ ಗೀರುಗಳಿದ್ದವು, ಆದರೂ ಓದಿತು. ಮತ್ತೆ ಎನ್‌ಕೋಡ್ ಮಾಡುವ ಗೋಜಿಗೆ ಹೋಗದೆ, ಡಿಸ್ಕಿನಲ್ಲಿದ್ದ ಫೈಲುಗಳನ್ನು ಇದ್ದ ಹಾಗೆಯೇ ಎರಡು ಹಾರ್ಡ್ ಡಿಸ್ಕುಗಳಿಗೆ ನಕಲು ಮಾಡಿದೆ. ಅಂದಿನ ಮದುಮಗಳ ಮಗಳು ಪುಣೆಯಲ್ಲಿ ಓದುವ ಹುಡುಗಿ. ಹಾಡು ಕೇಳಿ ತಾಯಿಯನ್ನು "ಪಣಜೀ ಕಾಯ್ ಮ್ಹಣತೇ?" ಎಂದು ಕೇಳಿದಳು. ಮುತ್ತಜ್ಜಿ ಏನು ಹೇಳುತ್ತಿದ್ದಾಳೆ ಎಂದು. "ಆಶೀರ್ವಾದ ದೇತೇ" ಎಂದಳು ತಾಯಿ. ಹುಡುಗಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ಕೇಳಿದಳು. ಹಾಡಿನೊಳಗಿನ ಹೆಸರುಗಳನ್ನು ಒಂದೊಂದಾಗಿ ಬರೆದುಕೊಂಡಳು. ಒಂಬತ್ತು ಹೆಸರು. ಅವುಗಳಲ್ಲಿ ನಾಲ್ಕನ್ನು ತಾಯಿಯೂ ಆವರೆಗೆ ಕೇಳಿರಲಿಲ್ಲ.

ತಾಯಿ ಹೇಳಿದ ಅರ್ಥದಲ್ಲಿ ಸುಳ್ಳೇನೂ ಇರಲಿಲ್ಲ. ಆಯಿ ಆಶೀರ್ವಾದವನ್ನೇ ಮಾಡುತ್ತಿದ್ದರು. ಆದರೆ ಹನ್ನೊಂದು ನಿಮಿಷದ ಹಾಡು ಎರಡು ಪದವಾಗಿ ಕುಗ್ಗಿತ್ತು. ಗಡಿನಾಡಿನ ಮನೆಗಳಲ್ಲಿ ಇದು ದಿನಾ ನಡೆಯುತ್ತದೆ. ಬೇರೆ ಊರಿಗೆ ಹೋಗಿ ನೆಲೆಸಿದ ನಮ್ಮೆಲ್ಲರ ಮನೆಗಳಲ್ಲೂ ನಡೆಯುತ್ತದೆ. ನಡುವೆ ನಿಂತ ನಾವು ಹಿರಿಯರ ಮಾತನ್ನು ಮಕ್ಕಳಿಗೆ ಸಾರಾಂಶ ಮಾಡಿ ಕೊಡುತ್ತೇವೆ. ಅವಸರ, ಬೇಸರ, ಕೆಲವೊಮ್ಮೆ ನಮಗೇ ಪದ ಮರೆತಿರುತ್ತದೆ. ಸಾರಾಂಶ ಬೇಕಾಗುತ್ತದೆ, ನಿಜ. ಎನ್‌ಕೋಡರ್ ಇಲ್ಲದೆ ಡಿವಿಡಿಯೂ ಆಗುವುದಿಲ್ಲ. ಆದರೆ ಕುಗ್ಗಿಸುವ ಕೆಲಸ ಒಂದೇ ಸಲ, ಕಟ್ಟಕಡೆಗೆ ಆಗಬೇಕು. ಅದಕ್ಕೂ ಮೊದಲು ದಾರಿಯಲ್ಲಿರುವವರೆಲ್ಲ ಸಿಕ್ಕಿದ್ದನ್ನು ಸಿಕ್ಕ ಹಾಗೆ ದಾಟಿಸಬೇಕು. ಫ್ರೇಮ್ ಸರ್ವರಿನಿಂದ ನಾನು ಕಲಿತದ್ದು ಇಷ್ಟೇ.

ಈಗ ನಿಮ್ಮ ಕಪಾಟಿನ ವಿಷಯಕ್ಕೆ ಬರೋಣ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿತ್ತು: ಟೇಪಿನಲ್ಲಿ ಇರುವುದನ್ನು 2025ರೊಳಗೆ ಡಿಜಿಟಲ್ ರೂಪಕ್ಕೆ ತರದಿದ್ದರೆ ಬಹುಪಾಲು ಕಳೆದುಹೋಗಬಹುದು ಎಂದು. ಟೇಪು ಹಾಳಾಗುವುದಷ್ಟೇ ಅಲ್ಲ, ಅದನ್ನು ಓದುವ ಯಂತ್ರಗಳೂ ಅವುಗಳನ್ನು ರಿಪೇರಿ ಮಾಡುವವರೂ ಇಲ್ಲವಾಗುತ್ತಿದ್ದಾರೆ. ಆ ಗಡುವು ಬಂದೇ ಬಿಟ್ಟಿದೆ. ಆದ್ದರಿಂದ ತಡ ಮಾಡಬೇಡಿ.

ಮಿನಿ ಡಿವಿ ಕ್ಯಾಸೆಟ್ ಇದ್ದರೆ, ಆ ಕಾಲದ ಕ್ಯಾಮೆರಾವನ್ನೂ ಫೈರ್‌ವೈರ್ ಕಿಂಡಿಯಿರುವ ಹಳೆಯ ಕಂಪ್ಯೂಟರನ್ನೂ ಹುಡುಕಿ. ಹೊಸ ಕಂಪ್ಯೂಟರುಗಳಲ್ಲಿ ಆ ಕಿಂಡಿ ಇರುವುದಿಲ್ಲ. ಆ ತಂತಿಯ ಮೂಲಕ ಇಳಿಸಿದರೆ ಟೇಪಿನಲ್ಲಿ ಇದ್ದದ್ದು ಇದ್ದ ಹಾಗೆಯೇ ಬರುತ್ತದೆ. ಗಂಟೆಗೆ 13 ಜಿಬಿ ಎಂದು ಹೆದರಬೇಡಿ. ಅಂದು ನಮ್ಮನ್ನು ಕಾಡಿದ ಜಾಗದ ಚಿಂತೆ ಇಂದಿಲ್ಲ. ಒಂದು ಟಿಬಿಯ ಡಿಸ್ಕಿನಲ್ಲಿ ಇಂಥ 70 ಗಂಟೆಗೂ ಹೆಚ್ಚು ಹಿಡಿಯುತ್ತದೆ. ಆ ಫೈಲನ್ನು ಮೂಲಪ್ರತಿ ಎಂದು ಎರಡು ಕಡೆ ಇಡಿ, ಮುಟ್ಟಬೇಡಿ. ಕತ್ತರಿಸಿ ಜೋಡಿಸುವುದಿದ್ದರೆ ಅದರಿಂದಲೇ ಮಾಡಿ, ಪ್ರತಿಯ ಪ್ರತಿಯಿಂದ ಅಲ್ಲ. ಈ ಕೆಲಸ ಬಲ್ಲ ತರುಣರು ನಿಮ್ಮ ಮನೆಯಲ್ಲಿದ್ದರೆ, ಎವಿಸಿಂತ್ ಪ್ಲಸ್, ವೇಪರ್‌ಸಿಂತ್ ಎಂಬ ಫ್ರೇಮ್ ಸರ್ವರುಗಳು ಇಂದಿಗೂ ಉಚಿತವಾಗಿ ಸಿಗುತ್ತವೆಂದು ತಿಳಿಸಿ. ಬೇರೆ ಊರಿನ ನೆಂಟರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವಾಗ ವಿಡಿಯೋ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಿ. ಆಗ ಅದು ಕುಗ್ಗುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಕ್ಯಾಸೆಟ್ಟಿನ ಡಬ್ಬಿಯ ಮೇಲೆ 'ಮದುವೆ' ಎಂದಷ್ಟೇ ಬರೆದು ಬಿಡಬೇಡಿ. ಹಾಡುತ್ತಿರುವವರು ಯಾರು, ಪಕ್ಕದಲ್ಲಿ ಕುಳಿತವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಅವರನ್ನು ಕೇಳಿ ಬರೆದಿಡಿ. ಯಂತ್ರ ಚಿತ್ರವನ್ನು ದಾಟಿಸಬಲ್ಲದು. ಹೆಸರುಗಳನ್ನು ದಾಟಿಸಬೇಕಾದವರು ನಾವು.